ಅಪ್ಪನ ಕೋವಿ, ಗಡಿಯ ಆಚೆಗೆ
ಅಪ್ಪನ ತೋಟೆಕೋವಿ ಈಗ ನನ್ನ ಲೈಸೆನ್ಸಿನಲ್ಲಿದೆ. ನಾನಿರುವುದು ಕೇರಳದ ಕಾಸರಗೋಡಿನಲ್ಲಿ; ಕೋವಿಯನ್ನು ಗಡಿಯಾಚೆ, ಕರ್ನಾಟಕದ ಸುಳ್ಯದ ಭಾವನಿಗೆ ಮಾರಬೇಕು. ಅವನಿಗೂ ಲೈಸೆನ್ಸ್ ಇದೆ, ಅಡಿಕೆ ತೋಟದಲ್ಲಿ ಹಂದಿ ಕಾಟವೂ ಇದೆ.

1959ರ ಆಯುಧ ಕಾಯ್ದೆ ಪ್ರಕಾರ ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಿ 45 ದಿನ ಕಾಯಬೇಕು. ಅದು ಸರಿಯೇ. ಕೋವಿ ಯಾರ ಕೈಗೆ ಹೋಗುತ್ತದೆ ಅಂತ ಗೊತ್ತಿರಲೇಬೇಕು. ಆದರೆ ಕನ್ನಡದಲ್ಲಿ ಬರೆದದ್ದಕ್ಕೆ ನನ್ನ ಕಾಗದ ವಾಪಸ್ ಬಂತು. ಮಲಯಾಳದಲ್ಲಿ ಬರೆದು ತನ್ನಿ ಅಂದರು! ಕಾಸರಗೋಡಿನಲ್ಲಿ ಕನ್ನಡದಲ್ಲಿ ಅರ್ಜಿ ಕೊಡುವುದು ನಮ್ಮ ಹಕ್ಕು, ಅಲ್ವಾ? ಸಂವಿಧಾನದ 350ನೇ ವಿಧಿಯಲ್ಲೇ ಇದೆ. ಕಾಗದ ತೆಗೆದುಕೊಳ್ಳದಿದ್ದರೆ ಆ 45 ದಿನ ಶುರುವಾಗುವುದು ಯಾವಾಗ?

ಕೋವಿ ಗಡಿಯ ಜಾಲ್ಸೂರು ದಾಟಲು ಯಾವ ಕಾಗದ ಬೇಕು ಅಂತ ಕೇಳಿದೆ. ಈ ಕಡೆಯವರು ಆ ಕಡೆ ಕೇಳಿ ಅಂತಾರೆ, ಆ ಕಡೆಯವರು ಈ ಕಡೆ. ಸುಮ್ನೆ ಮೂರು ದಿನದ ಕೆಲಸ ಹಾಳು. ಒಂದು ಹಾಳೆಯಲ್ಲಿ ಬರೆದು ಕೊಡಿ, ಹಾಗೇ ಮಾಡುತ್ತೇನೆ.