ಗೆರೆ ಎಲ್ಲಪ್ಪ ಹಾಕಿದಾರೆ?

ನಮ್ಮ ಚಿಕ್ಕಪ್ಪನದು ಶ್ರೀನಿವಾಸಪುರದ ಕಡೆ ಒಂದೂವರೆ ಎಕರೆ ಟೊಮೆಟೊ. ಈ ಸಲ ನಾಟಿ ಮಾಡಿ ತಿಂಗಳಾಗೋದ್ರೊಳಗೆ ಎಲೆ ಮುದುಡೋಕೆ ಶುರುವಾಯ್ತು. ಸುಳಿ ಹಳದಿಯಾಗಿ, ಎಲೆ ದೊನ್ನೆ ಥರ ಮಡಚಿಕೊಂಡು, ಗಿಡ ಗಿಡ್ಡಕ್ಕೇ ನಿಂತುಬಿಡುತ್ತೆ. ಬಿಳಿ ನೊಣ ಹರಡೋ ವೈರಸ್ ಅದು. ಬಂದ ಗಿಡಕ್ಕೆ ಮದ್ದಿಲ್ಲ, ಕಿತ್ತು ಹಾಕಿ ನೊಣಾನ ಹತೋಟಿಗೆ ತರಬೇಕು ಅಷ್ಟೆ. ಚಿಕ್ಕಪ್ಪನಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ 2023ರ ಜುಲೈನಲ್ಲಿ ಕೋಲಾರ ಮಂಡಿಯಲ್ಲಿ 15 ಕೆಜಿ ಬಾಕ್ಸು ಎರಡು ಸಾವಿರ ದಾಟಿದ್ದನ್ನ ಕಣ್ಣಾರೆ ನೋಡಿದವರಿಗೆ ಗಿಡ ಕೀಳೋಕೆ ಕೈ ಬರಲ್ಲ.

ಒಂದು ರಾತ್ರಿ ಫೋನಲ್ಲಿ ಯಾವುದೋ ಕನ್ನಡ ಸುದ್ದಿ ವೆಬ್‌ಸೈಟ್ ಓದ್ತಾ ಕೂತಿದ್ದಾರೆ. ಸುದ್ದಿ ಮುಗಿದ ಮೇಲೆ ಕೆಳಗೆ ‘ಇದನ್ನೂ ಓದಿ’ ಅಂತ ಆರು ಚೌಕ. ಒಂದರಲ್ಲಿ ಮಳೆ, ಇನ್ನೊಂದರಲ್ಲಿ ಚಿನ್ನದ ರೇಟು. ಐದನೇದರಲ್ಲಿ ಟವೆಲ್ ಹೆಗಲ ಮೇಲೆ ಹಾಕಿಕೊಂಡ ರೈತ, ಕೈಯಲ್ಲಿ ಟೊಮೆಟೊ ಗೊಂಚಲು: ‘ಕೋಲಾರದ ರೈತನ ಈ ಉಪಾಯಕ್ಕೆ ವಿಜ್ಞಾನಿಗಳೇ ಬೆರಗು’. ಅದೇ ಅಕ್ಷರ, ಅದೇ ಸೈಜು, ಅದೇ ಬಿಳಿ ಹಿನ್ನೆಲೆ. ಒತ್ತಿದರು. ಒಳಗೂ ಸುದ್ದಿ ಥರಾನೇ, ತಾರೀಖು ಸಮೇತ. ಕೊನೆಗೆ ಫೋನ್ ನಂಬರ್ ಹಾಕೋ ಜಾಗ. ಮೂರು ದಿನಕ್ಕೆ ಎರಡು ಬಾಟಲಿ ಮದ್ದು ಮನೆಗೆ ಬಂತು, 1,850 ರೂಪಾಯಿ, ಕ್ಯಾಶ್ ಆನ್ ಡೆಲಿವರಿ. ಲೇಬಲ್ ಮೇಲೆ ಎಲೆ ಚಿತ್ರ ಇತ್ತು, ಮಾಡಿದವರ ವಿಳಾಸ ಇರಲಿಲ್ಲ.

ನಾನು ಹೋದಾಗ ಆ ಪುಟ ತೆಗೆಸಿ ನೋಡಿದೆ. ಚೌಕದ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು, ಬೂದಿ ಬಣ್ಣದಲ್ಲಿ, ಇಂಗ್ಲಿಷಲ್ಲಿ ‘ಸ್ಪಾನ್ಸರ್ಡ್’ ಅಂತಿದೆ. ಚಿಕ್ಕಪ್ಪ ಕನ್ನಡಕ ಹಾಕಿಕೊಂಡು, ಫೋನನ್ನ ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡಿದರು. “ಸ್ಪಾನ್ಸರ್ ಅಂದ್ರೆ ಕ್ರಿಕೆಟ್‌ನೋರಿಗೆ ದುಡ್ಡು ಕೊಡ್ತಾರಲ್ಲ, ಅದಲ್ವೇನಪ್ಪ? ಪೇಪರ್‌ನಲ್ಲಾದ್ರೆ ಅಡ್ವಟೈಸ್‌ಮೆಂಟ್ ಸುತ್ತ ಗೆರೆ ಹಾಕಿರ್ತಾರೆ. ಇದರಲ್ಲಿ ಗೆರೆ ಎಲ್ಲಪ್ಪ ಹಾಕಿದಾರೆ?”

ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಚಿಂತಾಮಣಿಯಲ್ಲಿರೋ ನಮ್ಮ ಭಾವನಿಗೆ ಅದೇ ಪುಟ ತೆಗೆಯೋಕೆ ಹೇಳಿದೆ. ಅವರ ಫೋನಲ್ಲಿ ಅದೇ ಟವೆಲ್, ಅದೇ ಗೊಂಚಲು, ಆದರೆ ‘ಚಿಕ್ಕಬಳ್ಳಾಪುರದ ರೈತ’! ನೋಡೋರು ಎಲ್ಲಿದ್ದಾರೆ ಅಂತ ತಿಳಿದು ಊರಿನ ಹೆಸರು ತಾನಾಗೇ ಬದಲಾಗೋ ಹಾಗೆ ಜಾಹೀರಾತು ಮಾಡಬಹುದು, ಅದೇನು ದೊಡ್ಡ ವಿದ್ಯೆಯಲ್ಲ. ಪಾಪ, ಆ ರೈತ ಯಾವ ಊರಿನವನೋ.

ಇದಕ್ಕೆ ಕಾನೂನು ಇಲ್ಲ ಅಂತಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಡಾರ್ಕ್ ಪ್ಯಾಟರ್ನ್, ಅಂದ್ರೆ ಆನ್‌ಲೈನಲ್ಲಿ ಗ್ರಾಹಕರನ್ನ ದಾರಿ ತಪ್ಪಿಸೋ ತಂತ್ರಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ಅದರಲ್ಲಿ ಪಟ್ಟಿ ಮಾಡಿರೋ 13 ಮೋಸದ ಪಟ್ಟುಗಳಲ್ಲಿ ಸುದ್ದಿಯ ವೇಷ ಹಾಕಿದ ಜಾಹೀರಾತೂ ಒಂದು. ಸರಿ. ಆದರೆ ‘ಇದು ಜಾಹೀರಾತು’ ಅಂತ ಹೇಳೋ ಹೊಣೆಯನ್ನ ಅದು ಹೊರಿಸಿರೋದು ಜಾಹೀರಾತು ಹಾಕಿದವನ ಮೇಲೆ. ಬಾಟಲಿ ಮೇಲೆ ವಿಳಾಸಾನೇ ಹಾಕದವನು ಇದನ್ನ ಹೇಳ್ತಾನಾ? ಹೊಣೆ ಪುಟ ನಡೆಸೋರದ್ದೂ ಆಗಬೇಕು. ಜಾಗ ಅವರದು, ದುಡ್ಡು ಎಣಿಸಿಕೊಳ್ಳೋರೂ ಅವರೇ.

ಸಣ್ಣದೊಂದು ಸುದ್ದಿ ವೆಬ್‌ಸೈಟ್ ನಡೆಸೋ ಗೆಳೆಯನ ಹತ್ತಿರ ಇದನ್ನ ಹೇಳಿದೆ. “ಆ ಚೌಕ ನಮ್ಮ ಕೈಯಲ್ಲಿಲ್ಲ ಗುರು, ಯಾರೋ ಕೊಟ್ಟ ಕೋಡ್ ಅಂಟಿಸಿದೀವಿ, ಅದರಲ್ಲಿ ಏನು ಬರುತ್ತೋ ನಮಗೇ ಗೊತ್ತಿರಲ್ಲ” ಅಂದ. ಪಾಪ, ಅವನಿಗೂ ಇಬ್ಬರು ಹುಡುಗರಿಗೆ ಸಂಬಳ ಕೊಡಬೇಕು, ಓದುಗರು ನಯಾಪೈಸೆ ಕೊಡಲ್ಲ. ಜಾಹೀರಾತು ಬೇಡ ಅಂತ ನಾನೂ ಹೇಳ್ತಿಲ್ಲ. ಬೇರೆ ಬಣ್ಣ ಬಳಿದು ಗೆರೆ ಎಳಿ ಅಂದೆ. “ಎಳೆದರೆ ಯಾರು ಒತ್ತುತಾರೆ?” ಅಂದುಬಿಟ್ಟ. ಅಂದಮೇಲೆ ಅವನು ಮಾರ್ತಿರೋದು ಜಾಗ ಅಲ್ಲ, ಓದುಗನ ಗಲಿಬಿಲಿ. ಅವನ ಮುಖಕ್ಕೇ ಹೇಳಿದೆ. ಚಹಾದ ದುಡ್ಡು ಮಾತ್ರ ಅವನೇ ಕೊಟ್ಟ.

ದೊಡ್ಡೋರೂ ಇದೇ ಆಟ ಆಡಿದವರೇ. ಗೂಗಲ್‌ನಲ್ಲಿ ಮೊದಲು ಜಾಹೀರಾತಿನ ಹಿಂದೆ ತೆಳು ಬಣ್ಣ ಇರ್ತಿತ್ತು. 2013ರಲ್ಲಿ ಅದು ಹೋಗಿ ‘ಆ್ಯಡ್’ ಅನ್ನೋ ಸಣ್ಣ ಹಳದಿ ಚೀಟಿ ಬಂತು, 2016ರಲ್ಲಿ ಹಸಿರಾಯ್ತು, 2020ರಲ್ಲಿ ಕಪ್ಪಾಯ್ತು. ಬೆಲ್ಲ ನೀರಲ್ಲಿ ಕರಗಿದ ಹಾಗೆ.

‘ಸ್ಪಾನ್ಸರ್ಡ್’ ಅನ್ನೋದನ್ನ ಕನ್ನಡದಲ್ಲಿ ಹಾಕೋರು ‘ಪ್ರಾಯೋಜಿತ’ ಅಂತಾರೆ. ನಮ್ಮ ಮಂಡಿಯಲ್ಲಿ ನಿಂತು ಈ ಪದ ಹೇಳಿ ನೋಡಿ, ಯಾರಿಗಾದರೂ ಅರ್ಥವಾದರೆ ಒಂದು ಬಾಕ್ಸ್ ಟೊಮೆಟೊ ನನ್ನ ಲೆಕ್ಕದಲ್ಲಿ. ‘ಜಾಹೀರಾತು’ ಅಂತ ಎಲ್ಲರಿಗೂ ಗೊತ್ತಿರೋ ಪದ ಇದೆಯಲ್ಲ! ಅದನ್ನ ತಲೆಬರಹದಷ್ಟೇ ದಪ್ಪಕ್ಕೆ, ಚಿತ್ರದ ಮೇಲ್ಗಡೆ ಹಾಕಲಿ. ‘ಇದನ್ನೂ ಓದಿ’ ಸಾಲಿನಿಂದ ಆಚೆ, ಬೇರೆ ಬಣ್ಣದ ಡಬ್ಬಿಯಲ್ಲಿ ಇಡಲಿ.

ಟೊಮೆಟೊ ಕಥೆ ಬಿಡಿ, ಅರ್ಧಕ್ಕರ್ಧ ಗಿಡ ಹೋಯ್ತು. ಮೊನ್ನೆ ಚಿಕ್ಕಪ್ಪನ ಹತ್ತಿರ ರಾಗಿಗೆ ಬೆಳೆ ವಿಮೆ ಕಟ್ಟಿದ್ರಾ ಅಂತ ಕೇಳಿದೆ. ಕೊನೇ ತಾರೀಖು ಮುಗಿದು ನಾಲ್ಕು ದಿನ ಆಗಿತ್ತು. “ಫೋನಲ್ಲಿ ಬಂದಿತ್ತು ಕಣಪ್ಪ, ಅದೂ ಅಡ್ವಟೈಸ್‌ಮೆಂಟೇ ಇರಬೇಕು ಅಂತ ಒತ್ತಲಿಲ್ಲ” ಅಂದರು.