ಕಾಫಿ ಮೆಷಿನ್ ಮುಂದಿನ ಹದಿನೈದು ನಿಮಿಷ

ಮೊನ್ನೆ ತುಮಕೂರಿನಿಂದ ಒಬ್ಬ ಹುಡುಗಿ ಮೆಸೇಜ್ ಮಾಡಿದ್ದಳು. "ಅಕ್ಕಾ, ಫ್ರಾನ್ಸಿನ ಬಿಸಿನೆಸ್ ಸ್ಕೂಲಲ್ಲಿ ಸೀಟು ಸಿಕ್ಕಿದೆ. ಕೋರ್ಸ್ ಪೂರ್ತಿ ಇಂಗ್ಲಿಷಲ್ಲೇ, ಫ್ರೆಂಚ್ ಬೇಕಾಗಲ್ಲ ಅಂತ ಕನ್ಸಲ್ಟೆನ್ಸಿಯವರು ಹೇಳಿದ್ರು. ನಿಜಾನಾ?"

ನನಗೂ ಹೊರಡುವ ಮುಂಚೆ ಇದೇ ಮಾತು ಹೇಳಿದ್ದರು. ಅವಳಿಗೆ ಬರೆದ ಉತ್ತರ ಉದ್ದವಾಯಿತು. ಬೇರೆಯವರಿಗೂ ಬೇಕಾಗಬಹುದು ಅಂತ ಇಲ್ಲೇ ಹಾಕುತ್ತಿದ್ದೇನೆ.

ಕೋರ್ಸ್ ಇಂಗ್ಲಿಷಿನಲ್ಲೇ ಇರುತ್ತದೆ, ಅದು ಸುಳ್ಳಲ್ಲ. ಆದರೆ ಕ್ಲಾಸಿನ ಬಾಗಿಲು ದಾಟಿದರೆ ಎಲ್ಲವೂ ಫ್ರೆಂಚ್.

ನಾನು ಓದಿದ್ದು ಲೀಲ್‌ನಲ್ಲಿ. ಉತ್ತರದ ತುದಿ, ಬೆಲ್ಜಿಯಂ ಗಡಿ ಪಕ್ಕ. ಡಿಸೆಂಬರಿನಲ್ಲಿ ಅಲ್ಲಿ ಬೆಳಗಾಗುವುದೇ ಎಂಟೂ ಮುಕ್ಕಾಲಿಗೆ. ಕ್ಲಾಸು ಎಂಟೂವರೆಗೆ. ಕತ್ತಲಲ್ಲೇ ಎದ್ದು, ಅನ್ನ ಸಾರು ಡಬ್ಬಿಗೆ ಹಾಕಿಕೊಂಡು, ಕತ್ತಲಲ್ಲೇ ಮೆಟ್ರೋ ಹತ್ತುತ್ತಿದ್ದೆ. 1983ರಿಂದಲೂ ಡ್ರೈವರ್ ಇಲ್ಲದೆ ಓಡುತ್ತಿರುವ ಮೆಟ್ರೋ ಅದು. ಒಂದೊಂದು ಕ್ಲಾಸು ಮೂರು ಗಂಟೆ. ಮಧ್ಯಾಹ್ನ ಮೈಕ್ರೋವೇವ್ ಮುಂದೆ ಡಬ್ಬಿ ಹಿಡಿದವರ ಸಾಲು. ಮಾರ್ಕ್ಸ್ ಇಪ್ಪತ್ತಕ್ಕೆ. ಮೊದಲ ಸಲ 13 ಬಂದಾಗ ನಾನು ಅತ್ತಿದ್ದೆ. 14 ಬಂದ ಪಕ್ಕದ ಹುಡುಗ ಖುಷಿಯಿಂದ ಮನೆಗೆ ಫೋನ್ ಮಾಡುತ್ತಿದ್ದ. ಅಲ್ಲಿ 10 ಬಂದರೆ ಪಾಸು, 16 ಅಂದರೆ ಬಹಳ ದೊಡ್ಡದು.

ಮೂರು ಗಂಟೆಯ ಕ್ಲಾಸಿನ ನಡುವೆ ಹದಿನೈದು ನಿಮಿಷ ಬಿಡುವು. ಎಲ್ಲರೂ ಎದ್ದು ಕಾಫಿ ಮೆಷಿನ್ ಹತ್ತಿರ ಹೋಗುತ್ತಾರೆ. ಸಣ್ಣ ಲೋಟದ ಕಪ್ಪು ಕಾಫಿ, ಗೋಡೆಗೆ ಒರಗಿಕೊಂಡು ಮಾತು. ಕ್ಲಾಸಿನಲ್ಲಿ ಚೆನ್ನಾಗಿ ಇಂಗ್ಲಿಷ್ ಮಾತಾಡಿದವರೇ ಅಲ್ಲಿ ಫ್ರೆಂಚಿಗೆ ತಿರುಗುತ್ತಾರೆ. ನಾನು ಲೋಟ ಹಿಡಿದು ಪಕ್ಕದಲ್ಲೇ ನಿಂತಿರುತ್ತಿದ್ದೆ. ಅವರು ನಕ್ಕಾಗ ನಗುತ್ತಿದ್ದೆ, ಆಮೇಲೆ ಫೋನ್ ನೋಡುತ್ತಿದ್ದೆ.

ಒಂದು ದಿನ ಗ್ರೂಪ್‌ ವರ್ಕಿನಲ್ಲಿ ಜೊತೆಗಿದ್ದ ಹುಡುಗಿ ಕೇಳಿದಳು, "ಆ ಇಂಟರ್ನ್‌ಶಿಪ್‌ಗೆ ನೀನೇಕೆ ಅಪ್ಲೈ ಮಾಡಲಿಲ್ಲ?" ಯಾವುದು ಅಂತ ನನಗೆ ಗೊತ್ತೇ ಇರಲಿಲ್ಲ. ಗಡುವು ಮುಗಿದಿತ್ತು. ಯಾರೂ ಮುಚ್ಚಿಟ್ಟಿರಲಿಲ್ಲ. ನನ್ನೆದುರೇ, ಆ ಮೆಷಿನ್ ಮುಂದೆ, ಎಷ್ಟೋ ಸಲ ಮಾತಾಡಿದ್ದರು. ನನಗೆ ಅರ್ಥ ಆಗಿರಲಿಲ್ಲ, ಅಷ್ಟೆ. ಆ ರಾತ್ರಿ ನಿದ್ದೆ ಬರಲಿಲ್ಲ. ಅಪ್ಪ ಮನೆ ಪತ್ರ ಇಟ್ಟು ಸಾಲ ತೆಗೆದಿದ್ದರು.

ಈ ಫ್ರೆಂಚ್ ಹುಡುಗರು ನಮ್ಮನ್ನು ದೂರ ಇಡುತ್ತಾರೆ ಅಂತ ಸುಮಾರು ಜನ ಬೇಜಾರು ಮಾಡಿಕೊಳ್ಳುತ್ತಾರೆ. ಅದು ಸರಿಯಲ್ಲ. ಅವರಲ್ಲಿ ತುಂಬಾ ಜನ 'ಪ್ರೆಪಾ' ಮುಗಿಸಿ ಬಂದವರು. ನಮ್ಮ ಪಿಯುಸಿ ಥರದ ಪರೀಕ್ಷೆ ಆದಮೇಲೆ ಇನ್ನೂ ಎರಡು ವರ್ಷ ಹಗಲು ರಾತ್ರಿ ಓದು, ಕೊನೆಗೆ 'ಕೊಂಕೂರ್' ಅನ್ನುವ ಪ್ರವೇಶ ಪರೀಕ್ಷೆ. ಸಿಇಟಿ, ನೀಟ್‌ಗೆ ಓದಿದವರಿಗೆ ಆ ಸುಸ್ತು ಏನು ಅಂತ ಗೊತ್ತು. ಅದೆಲ್ಲ ಕಳೆದು ಸ್ಕೂಲಿಗೆ ಬಂದಾಗ ಅವರಿಗೆ ನಿರಾಳವಾಗಿ ಉಸಿರು ಬಿಟ್ಟ ಹಾಗೆ. ಓದಿಗಿಂತ ಸಂಘಗಳಲ್ಲೇ ಜಾಸ್ತಿ ಮುಳುಗಿರುತ್ತಾರೆ. ಬಿಡಿಇ ಅಂತ ವಿದ್ಯಾರ್ಥಿ ಮಂಡಳಿ ಇರುತ್ತದೆ. ಅದರ ಚುನಾವಣೆ ಬಂತೆಂದರೆ ಒಂದೊಂದು ಗುಂಪಿಗೆ ಒಂದೊಂದು ಬಣ್ಣದ ಟೀಶರ್ಟು, ಬೆಳಗ್ಗೆ ಬೆಳಗ್ಗೆಯೇ ಕ್ರೆಪ್ ಅನ್ನುವ ತೆಳು ದೋಸೆ ಸುಟ್ಟು ಎಲ್ಲರಿಗೂ ಹಂಚುತ್ತಾರೆ. ಮೊದಮೊದಲು ಇದು ಬರೀ ಟೈಂಪಾಸ್ ಅಂತ ಅಂದುಕೊಂಡಿದ್ದೆ. ಆದರೆ ಹಣ ಹೊಂದಿಸುವುದು, ಸ್ಪಾನ್ಸರ್ ಹಿಡಿಯುವುದು, ಜಗಳ ಬಿಡಿಸುವುದು, ಎಲ್ಲ ಅವರು ಕಲಿಯುವುದು ಅಲ್ಲೇ. ಮುಂದೆ ಕೆಲಸಕ್ಕೆ ಒಬ್ಬರನ್ನೊಬ್ಬರು ಕರೆಯುವುದೂ ಅಲ್ಲಿನ ಪರಿಚಯದಿಂದಲೇ.

ಹೊಟ್ಟೆಪಾಡಿಗೂ ಭಾಷೆ ಬೇಕು. ಸ್ಟೂಡೆಂಟ್ ವೀಸಾದಲ್ಲಿ ವರ್ಷಕ್ಕೆ 964 ಗಂಟೆ ದುಡಿಯಬಹುದು. ಆದರೆ ಬೇಕರಿಯವನು, ಸೂಪರ್‌ಮಾರ್ಕೆಟ್‌ನವನು ನಿಮ್ಮೊಡನೆ ಯಾವ ಭಾಷೆ ಮಾತಾಡುತ್ತಾನೆ? ಎರಡು ತಿಂಗಳು ಮೀರಿದ ಇಂಟರ್ನ್‌ಶಿಪ್‌ಗೆ ದುಡ್ಡು ಕೊಡಲೇಬೇಕು ಅನ್ನುವುದು ಅಲ್ಲಿನ ಕಾನೂನು. ಒಳ್ಳೆಯ ಕಾನೂನು. ಅದರ ಲಾಭ ಸಿಗಬೇಕಾದರೆ ಮೊದಲು ಇಂಟರ್‌ವ್ಯೂ ದಾಟಬೇಕಲ್ವಾ?

2030ರ ಹೊತ್ತಿಗೆ ಭಾರತದಿಂದ 30,000 ವಿದ್ಯಾರ್ಥಿಗಳು ಬರಬೇಕು ಅಂತ ಅಧ್ಯಕ್ಷ ಮ್ಯಾಕ್ರನ್ 2024ರಲ್ಲಿ ಹೇಳಿದರು. ನಮ್ಮ ಕಡೆಯಿಂದಲೂ ಇನ್ನೂ ಜಾಸ್ತಿ ಮಕ್ಕಳು ಹೋಗುತ್ತಾರೆ, ಹೋಗಲಿ. ಆದರೆ 'ಭಾಷೆ ಬೇಡ' ಅಂತ ಹೇಳಿ ಕಳಿಸುವವರ ಮೇಲೆ ನನಗೆ ಸಿಟ್ಟಿದೆ. ಸಾಲ ಕಟ್ಟುವುದು ಅವರಲ್ಲ.

ನಾನು ಜನವರಿಯಲ್ಲಿ ಒಂದು ಸಂಘ ಸೇರಿದೆ. ಗುರುವಾರ ರಾತ್ರಿ ರೈಲ್ವೆ ಸ್ಟೇಷನ್ ಸುತ್ತ ಬೀದಿಯಲ್ಲಿ ಮಲಗುವವರಿಗೆ ಬಿಸಿ ಸೂಪು, ಕಾಫಿ ಕೊಡುವ ಕೆಲಸ. ನನ್ನ ಕೈಗೆ ಫ್ಲಾಸ್ಕ್ ಕೊಟ್ಟರು. ಕಂಬಳಿ ಹೊದ್ದ ಒಬ್ಬ ಅಜ್ಜನ ಮುಂದೆ ಬಗ್ಗಿ "ವು ವುಲೆ ದ್ಯು ಸೂಕ್ರ್?" ಅಂದೆ. ಸಕ್ಕರೆ ಬೇಕಾ ಅಂತ. ಅವರು ಎರಡು ಬೆರಳು ತೋರಿಸಿ, ಎರಡು ಅನ್ನುವುದನ್ನು ನನಗೆ ತಿಳಿಯುವ ಹಾಗೆ ನಿಧಾನವಾಗಿ ಹೇಳಿದರು. ಹೆದರದೆ ನಾನಾಡಿದ ಮೊದಲ ಫ್ರೆಂಚ್ ಮಾತು ಅದು. ಮಾರ್ಚ್ ಹೊತ್ತಿಗೆ ಕಾಫಿ ಮೆಷಿನ್ ಹತ್ತಿರ ಅರ್ಧ ಮಾತು ಅರ್ಥ ಆಗುತ್ತಿತ್ತು.

ತುಮಕೂರಿನ ಹುಡುಗಿಗೆ ಹೇಳಿದ್ದು ಇಷ್ಟು: ಸೆಪ್ಟೆಂಬರ್‌ಗೆ ಇನ್ನೂ ಟೈಮಿದೆ. ಬೆಂಗಳೂರಿನ ವಸಂತನಗರದಲ್ಲಿ ಫ್ರೆಂಚ್ ಕಲಿಸುವ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ವಿಚಾರಿಸು, ಎ1 ಅನ್ನುವ ಮೊದಲ ಹಂತ ಇಂದೇ ಶುರು ಮಾಡು, ಆದಷ್ಟು ಮುಂದೆ ಹೋಗು. ನಿನ್ನೆ ರಾತ್ರಿ ಅವಳ ವಾಯ್ಸ್ ಮೆಸೇಜ್ ಬಂತು. "ಬೊಂಜೂರ್ ಅಕ್ಕಾ" ಅಂತ ಶುರು ಮಾಡಿದ್ದಾಳೆ.