ಎಷ್ಟು ವರ್ಷ ಅಂತ ಮಣಿಪಾಲಕ್ಕೆ ಓಡೋದು?

ಉತ್ತರ ಕನ್ನಡದಲ್ಲಿ ಯಾರಿಗಾದರೂ ತಲೆಗೆ ಪೆಟ್ಟು ಬಿದ್ದರೆ, ಎದೆನೋವು ಬಂದರೆ ಮನೆಯವರು ಇವತ್ತಿಗೂ ಮೊದಲು ಕೇಳುವುದು 'ಮಣಿಪಾಲಕ್ಕಾ, ಮಂಗಳೂರಿಗಾ?' ಅಂತಲೇ. ಘಟ್ಟದ ಮೇಲಿನವರಾದರೆ ಹುಬ್ಬಳ್ಳಿ. ಕಾರವಾರದವರಾದರೆ ಗೋವಾ, ಅಲ್ಲೂ 2018ರಿಂದ ಹೊರರಾಜ್ಯದವರು ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ಕಟ್ಟಬೇಕು.

ಕಳೆದ ಮಳೆಗಾಲದಲ್ಲಿ ನಮ್ಮ ಮಾವನಿಗೆ ಸ್ಟ್ರೋಕ್ ಆಯಿತು. ಬಾಯಿ ಸೊಟ್ಟಗಾಗಿತ್ತು, ಬಲಗೈ ಎತ್ತೋಕೆ ಆಗುತ್ತಿರಲಿಲ್ಲ. ತಾಲೂಕು ಆಸ್ಪತ್ರೆಗೆ ಹೋದರೆ ಹೊಸ ಬ್ಲಾಕು, ಥಳಥಳ ಟೈಲ್ಸು, ಬಾಗಿಲಲ್ಲೇ ಉದ್ಘಾಟನೆ ಮಾಡಿದವರ ಹೆಸರು ಕೆತ್ತಿದ ಗ್ರಾನೈಟ್ ಕಲ್ಲು. ಒಳಗಿದ್ದ ಎಳೆ ವಯಸ್ಸಿನ ಡಾಕ್ಟರ್ ಬಿಪಿ ನೋಡಿ, ಡ್ರಿಪ್ ಹಾಕಿ, ಚೀಟಿಯಲ್ಲಿ 'ಹೆಚ್ಚಿನ ಚಿಕಿತ್ಸೆಗಾಗಿ' ಅಂತ ಬರೆದು ಕೊಟ್ಟರು. ಅವರನ್ನು ಬೈಯಲ್ಲ, ಪಾಪ ಅವರಾದರೂ ಏನು ಮಾಡಬೇಕು? ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು, ಅದನ್ನು ನೋಡಿ ಹೇಳುವವರು ಬೇಕು. ಅಲ್ಲಿ ಯಂತ್ರವೂ ಇಲ್ಲ, ಸ್ಪೆಷಲಿಸ್ಟೂ ಇಲ್ಲ. ನಮ್ಮೂರಿಂದ ಮಣಿಪಾಲಕ್ಕೆ ನೂರು ಕಿಲೋಮೀಟರಿಗೂ ಜಾಸ್ತಿ. ಜಡಿಮಳೆ ಬೇರೆ. ಆಂಬುಲೆನ್ಸು ಹೊಂಡಕ್ಕೆ ಇಳಿದಾಗೆಲ್ಲ ಅತ್ತೆ ಎರಡೂ ಕೈಯಲ್ಲಿ ಅವರ ತಲೆ ಅಲ್ಲಾಡದಂತೆ ಹಿಡಿದುಕೊಳ್ಳುತ್ತಿದ್ದರು. ಮುಟ್ಟುವಷ್ಟರಲ್ಲಿ ಹೊತ್ತು ಮೀರಿತ್ತು. ಆ ಕೈಗೆ ಇನ್ನೂ ಶಕ್ತಿ ಬಂದಿಲ್ಲ.

ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್‌ನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತರು. ಆ ವಿಡಿಯೋ ದೇಶವೆಲ್ಲ ನೋಡಿತು. ಆಸ್ಪತ್ರೆ ಕೊಡದಿದ್ದರೆ ಓಟೂ ಇಲ್ಲ ಅಂತ ಜನ ಕೂಗಿದರು. ಆಮೇಲೆ ಶುರುವಾಯಿತು ನೋಡಿ, ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕುಮಟಾದಲ್ಲಾ, ಕಾರವಾರದಲ್ಲಾ, ಶಿರಸಿಯಲ್ಲಾ ಅನ್ನೋ ಜಗ್ಗಾಟ. ಎಲ್ಲಾದರೂ ಕಟ್ಟಿ ಮಾರಾಯ್ರೇ!

ಕಾಳಿ ನದಿಗೆ ಸಾಲು ಸಾಲು ಅಣೆಕಟ್ಟು ಕಟ್ಟುವಾಗ, ಕೈಗಾ ಅಣುಸ್ಥಾವರಕ್ಕೆ, ಸೀಬರ್ಡ್ ನೌಕಾನೆಲೆಗೆ ಜಾಗ ಬೇಕಾದಾಗ ಈ ಜಿಲ್ಲೆ ನೆನಪಾಯಿತು ಅಲ್ವಾ? ಮನೆ, ಗದ್ದೆ ಬಿಟ್ಟು ಎದ್ದವರು ಇಲ್ಲಿಯ ಜನವೇ.

ಸುಮ್ನೆ ಗೋಡೆ, ಟೈಲ್ಸು ತೋರಿಸಬೇಡಿ. ಕಟ್ಟಡಕ್ಕೆ ಹಣ ಮಂಜೂರು ಮಾಡುವ ಆದೇಶದಲ್ಲೇ ಸ್ಕ್ಯಾನ್ ಯಂತ್ರ, ಅದನ್ನು ನಡೆಸುವ ಟೆಕ್ನಿಷಿಯನ್, ಅರಿವಳಿಕೆ ಡಾಕ್ಟರ್, ಅವರೆಲ್ಲ ಇಲ್ಲೇ ಉಳಿಯೋಕೆ ಒಳ್ಳೆ ಕ್ವಾರ್ಟರ್ಸ್, ಇಷ್ಟೂ ಇರಲಿ. ಅಲ್ಲಿಯ ತನಕ ಇನ್ನೊಂದು ಗುದ್ದಲಿ ಪೂಜೆಗೆ ನಮ್ಮನ್ನು ಕರೆಯಲೇಬೇಡಿ.